ತಣ್ಣೀರ ಕಡಲಿಗೆ ಹೊರಡುವ ಮುನ್ನ

ಕಡಲೆಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಬೆಚ್ಚನೆಯ ನೀರು. ಮಂಗಳೂರು, ಮಲ್ಪೆ, ಕಾರವಾರಗಳಲ್ಲಿ ಸಂಜೆಯ ಹೊತ್ತು ಪಂಚೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿ ತೆರೆಗೆ ಕಾಲೊಡ್ಡಿ ನಿಂತವರಿಗೆಲ್ಲ ಆ ಸುಖದ ಪರಿಚಯ ಇದ್ದೇ ಇದೆ. ವರ್ಷದ ಯಾವ ತಿಂಗಳಲ್ಲಿ ಅಳೆದರೂ ಆ ನೀರಿನ ಉಷ್ಣತೆ ೨೬ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿಯುವುದು ಅಪರೂಪ. ಹಲಗೆಯ ಮೇಲೆ ನಿಂತು ತೆರೆಯ ಬೆನ್ನೇರಿ ದಡದತ್ತ ಜಾರಿಬರುವ ಸರ್ಫಿಂಗ್ ಎಂಬ ಆಟ ಇಂಥ ನೀರಿನಲ್ಲಿಯೇ, ಮೂಲ್ಕಿಯ ಶಾಂಭವಿ ನದಿಯ ಅಳಿವೆಯ ಆಸುಪಾಸಿನಲ್ಲಿ, ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ನಾಡಿಗೆ ಬಂದು ಬೇರೂರಿತು. ೨೦೧೬ರಲ್ಲಿ ಸಸಿಹಿತ್ಲು ಕಡಲ ತಡಿಯಲ್ಲಿ ಅಖಿಲ ಭಾರತ ಮಟ್ಟದ ಸ್ಪರ್ಧೆಯೂ ನಡೆಯಿತು. ಬೆಂಗಳೂರಿನಿಂದ ರಾತ್ರಿಯ ಬಸ್ಸು ಹಿಡಿದು ಈ ಆಟ ಕಲಿಯಲು ಹೋಗುವ ತರುಣ ತರುಣಿಯರು ಈಗ ಎಷ್ಟೋ ಮಂದಿ.

ಹೀಗೆ ಕಲಿತ ನಿಮ್ಮ ಮನೆಯ ಮಗನೋ ಮಗಳೋ ಮುಂದಿನ ಓದಿಗೆಂದು ಎಡಿನ್‌ಬರೋ ನಗರಕ್ಕೆ ಹೋಗಿದ್ದಾರೆ ಎಂದುಕೊಳ್ಳಿ. ಒಂದು ಭಾನುವಾರ ಫೋನಿನಲ್ಲಿ, “ಅಪ್ಪಾ, ಬರುವ ರಜೆಗೆ ಥರ್ಸೋಗೆ ಹೋಗೋಣ ಅಂತಿದ್ದೇನೆ. ಅಲ್ಲಿ ಬಹಳ ಒಳ್ಳೆಯ ತೆರೆ ಏಳುತ್ತದಂತೆ” ಎಂದರೆ ನೀವೇನು ಹೇಳುವಿರಿ? ಬೇಡವೆನ್ನುವುದು ಸುಲಭ, ಹೋಗಿ ಬಾ ಎನ್ನುವುದೂ ಸುಲಭವೇ. ಏನೇನು ತಿಳಿದುಕೊಂಡು ಹೋಗಬೇಕು ಎಂದು ಹೇಳುವುದು ಮಾತ್ರ ಕಷ್ಟ. ಆ ಕಷ್ಟದ ಕೆಲಸವನ್ನು ಸ್ವಲ್ಪ ಹಗುರ ಮಾಡುವುದೇ ಈ ಲೇಖನದ ಉದ್ದೇಶ. ನೀವೇ ಹೊರಡುವವರಾದರಂತೂ ಒಂದೊಂದು ಮಾತನ್ನೂ ನಿಮಗೆಂದೇ ಬರೆದದ್ದೆಂದು ತಿಳಿಯಿರಿ.

ಮೊದಲು ಊರಿನ ಪರಿಚಯವಾಗಲಿ. ಸ್ಕಾಟ್ಲೆಂಡಿನ ಉತ್ತರದ ಅಂಚಿನಲ್ಲಿ, ಕೇತ್‌ನೆಸ್ ಎಂಬ ಸೀಮೆಯಲ್ಲಿ ಥರ್ಸೋ ಇದೆ. ಬ್ರಿಟನ್ನಿನ ರೈಲುದಾರಿಯಲ್ಲಿ ಎಲ್ಲಕ್ಕಿಂತ ಉತ್ತರದ ನಿಲ್ದಾಣ ಇದೇ. ಇನ್ವರ್‌ನೆಸ್ ಪಟ್ಟಣದಿಂದ ರೈಲಿನಲ್ಲಿ ಹೆಚ್ಚು ಕಡಿಮೆ ನಾಲ್ಕು ಗಂಟೆಯ ಪ್ರಯಾಣ. ದಿನಕ್ಕೆ ಬೆರಳೆಣಿಕೆಯ ಗಾಡಿಗಳು ಮಾತ್ರ. ರಸ್ತೆಯಲ್ಲಿ ಹೋದರೆ ಸುಮಾರು ೧೭೫ ಕಿಲೋಮೀಟರು. ಊರ ನಡುವೆ ಹರಿದು ಬರುವ ಥರ್ಸೋ ಹೊಳೆ ಜವುಗು ನೆಲದ ಕೊಳೆತ ಪಾಚಿಯನ್ನು ಹಾಯ್ದು ಬರುವುದರಿಂದ ಅದರ ನೀರು ನಮ್ಮ ತಿಳಿ ಡಿಕಾಕ್ಷನ್ನಿನ ಬಣ್ಣಕ್ಕಿದೆ. ಆ ಹೊಳೆ ಕಡಲು ಸೇರುವ ಜಾಗದ ಪೂರ್ವಕ್ಕೆ, ಪಾಳುಬಿದ್ದ ಕೋಟೆಯೊಂದರ ಕೆಳಗೆ, ಸರ್ಫರುಗಳು ಹುಡುಕಿಕೊಂಡು ಬರುವ ತೆರೆ ಏಳುತ್ತದೆ. ೧೯೮೧ರಲ್ಲಿ ಯೂರೋಪಿನ ಸರ್ಫಿಂಗ್ ಪಂದ್ಯಾವಳಿ ಇಲ್ಲಿ ನಡೆಯಿತು. ೨೦೦೬ರಿಂದ ಕೆಲವು ವರ್ಷ ವೃತ್ತಿನಿರತ ಆಟಗಾರರ ಸ್ಪರ್ಧೆಗಳೂ ನಡೆದವು.

ಅಷ್ಟು ದೂರದ, ಅಷ್ಟು ಚಳಿಯ ಊರಿಗೆ ಜನ ಏಕೆ ಹೋಗುತ್ತಾರೆ? ಕಾರಣ ಆ ಕಡಲಿನ ತಳದಲ್ಲಿದೆ. ನಮ್ಮ ಶಹಾಬಾದಿನ ಕಲ್ಲು ಹೇಗೆ ಹಾಳೆ ಹಾಳೆಯಾಗಿ ಏಳುತ್ತದೆಯೋ ಕೇತ್‌ನೆಸ್ಸಿನ ಕಲ್ಲೂ ಹಾಗೆಯೇ. ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ದೊಡ್ಡ ನಗರಗಳ ಕಾಲುದಾರಿಗಳಿಗೆ ಹಾಸಲು ಅದು ಹಡಗು ಹಡಗಾಗಿ ಹೋಗುತ್ತಿತ್ತು. ಅದೇ ಹಾಸುಗಲ್ಲು ನೀರಿನ ಕೆಳಗೂ ಚಪ್ಪಟೆಯಾಗಿ ಹರಡಿಕೊಂಡಿದೆ. ಮರಳಿನ ತಳವಾದರೆ ಪ್ರತಿ ಬಿರುಗಾಳಿಗೂ ಅದರ ಆಕಾರ ಬದಲಾಗುತ್ತದೆ, ತೆರೆಯೂ ಬದಲಾಗುತ್ತದೆ. ಕಲ್ಲು ಕದಲುವುದಿಲ್ಲ. ಆದ್ದರಿಂದ ಸರಿಯಾದ ದಿಕ್ಕಿನಿಂದ ಬಂದ ತೆರೆ ಪ್ರತಿಸಲವೂ ಒಂದೇ ಜಾಗದಲ್ಲಿ ಎದ್ದು, ಒಂದೇ ಕ್ರಮದಲ್ಲಿ ಮಗುಚಿಕೊಳ್ಳುತ್ತ ಹೋಗುತ್ತದೆ. ಆಟಗಾರನಿಗೆ ಇದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೆ ಒಂದು ಎಚ್ಚರಿಕೆ: ಅದೇ ಕಲ್ಲಿನ ಮೇಲೆ ಬಿದ್ದರೆ ಮರಳಿನ ಮೇಲೆ ಬಿದ್ದಂತಲ್ಲ. ಹೊಸಬರಿಗೆ ಅದು ತಕ್ಕ ಜಾಗವಲ್ಲ. ಪೂರ್ವಕ್ಕೆ ಸ್ವಲ್ಪ ದೂರದಲ್ಲಿ ಡನೆಟ್ ಕೊಲ್ಲಿಯ ಉದ್ದನೆಯ ಮರಳು ದಂಡೆಯಿದೆ. ಮೂಲ್ಕಿಯಲ್ಲಿ ಎರಡು ಬೇಸಿಗೆ ಕಲಿತವರು ಮೊದಲು ಅಲ್ಲಿಗೇ ಹೋಗುವುದು ವಿವೇಕ.

ಇನ್ನು ಯಾವ ತಿಂಗಳಲ್ಲಿ ಹೋಗಬೇಕೆಂಬ ಪ್ರಶ್ನೆ. ಬೇಸಿಗೆ ಎಂದರೆ ಜೂನ್, ಜುಲೈ ಎಂದು ನಾವು ಊಹಿಸಬಹುದು. ಆಗ ಹಗಲೇನೋ ಹದಿನೆಂಟು ಗಂಟೆಯಷ್ಟು ಉದ್ದ. ಆದರೆ ಕಡಲು ಬಹುಪಾಲು ಸುಮ್ಮನಿರುತ್ತದೆ. ಡಿಸೆಂಬರಿನಲ್ಲಿ ದೊಡ್ಡ ತೆರೆಗಳಿಗೆ ಕೊರತೆಯಿಲ್ಲ. ಹಗಲು ಮಾತ್ರ ಆರು ಗಂಟೆಗಿಂತ ಕೊಂಚವೇ ಹೆಚ್ಚು. ಮಧ್ಯಾಹ್ನ ಊಟ ಮುಗಿಸಿ ಎದ್ದರೆ ಕತ್ತಲಾಗುವ ಹೊತ್ತು. ಇವೆರಡರ ನಡುವೆ ಒಂದು ಸ್ವಾರಸ್ಯವಾದ ಸಂಗತಿಯಿದೆ. ದಪ್ಪ ತಳದ ಪಾತ್ರೆ ಒಲೆಯಿಂದ ಇಳಿಸಿದ ಮೇಲೂ ಬಹಳ ಹೊತ್ತು ಬಿಸಿಯಾಗಿರುವಂತೆ ಕಡಲು ತಡವಾಗಿ ಕಾಯ್ದು ತಡವಾಗಿ ಆರುತ್ತದೆ. ಆದಕಾರಣ ಆ ಕಡಲು ಅತಿ ಬೆಚ್ಚಗಿರುವುದು ಆಗಸ್ಟ್ ಸೆಪ್ಟೆಂಬರುಗಳಲ್ಲಿ, ಸುಮಾರು ೧೩ ಡಿಗ್ರಿ. ಅತಿ ತಣ್ಣಗಿರುವುದು ಫೆಬ್ರವರಿಯ ಕೊನೆ ಮತ್ತು ಮಾರ್ಚಿಯಲ್ಲಿ, ೭ ಡಿಗ್ರಿಯ ಆಸುಪಾಸು. ವಸಂತ ಬಂತು, ಹೂ ಅರಳಿತು ಎಂದು ಮಾರ್ಚಿಯಲ್ಲಿ ನೀರಿಗಿಳಿದವನು ವರ್ಷದ ಅತಿ ತಣ್ಣನೆಯ ನೀರಿಗೆ ಇಳಿದಂತೆ. ಸೆಪ್ಟೆಂಬರಿನ ಕೊನೆ ಮತ್ತು ಅಕ್ಟೋಬರಿನಲ್ಲಾದರೋ ನೀರಿನಲ್ಲಿ ಬೇಸಿಗೆಯ ಕಾವು ಇನ್ನೂ ಉಳಿದಿರುತ್ತದೆ, ಉತ್ತರ ಅಟ್ಲಾಂಟಿಕ್ಕಿನ ಬಿರುಗಾಳಿಗಳು ಆರಂಭವಾಗಿರುತ್ತವೆ, ಹಗಲೂ ಸಾಕಷ್ಟಿರುತ್ತದೆ. ಮೊದಲ ಸಲ ಹೋಗುವವರಿಗೆ ಇದೇ ಪ್ರಶಸ್ತ ಕಾಲ.

ತೆರೆ ಎಲ್ಲಿಂದ ಬರುತ್ತದೆ ಎಂಬುದನ್ನೂ ತಿಳಿದಿರಬೇಕು. ದಡದಲ್ಲಿ ನಾವು ಕಾಣುವ ದೊಡ್ಡ ತೆರೆ ಅಲ್ಲಿಯೇ ಹುಟ್ಟಿದ್ದಲ್ಲ. ಐಸ್‌ಲೆಂಡಿನ ಕಡೆ ಎಲ್ಲೋ ಬೀಸಿದ ಬಿರುಗಾಳಿ ನೀರನ್ನು ಕಲಕಿ, ಆ ಕಲಕು ನೂರಾರು ಮೈಲಿ ನಡೆದು ಬರುತ್ತ ಕ್ರಮಬದ್ಧವಾದ ಸಾಲುಗಳಾಗಿ ಏರ್ಪಟ್ಟಿರುತ್ತದೆ. ಗಾಳಿ ಎಷ್ಟು ಬಲವಾಗಿ, ಎಷ್ಟು ಹೊತ್ತು, ಎಷ್ಟು ವಿಸ್ತಾರದ ಮೇಲೆ ಬೀಸಿತು ಎಂಬ ಮೂರರ ಮೇಲೆ ತೆರೆಯ ಬಲ ನಿಂತಿದೆ. ಒಂದು ತೆರೆಯ ನೆತ್ತಿ ದಾಟಿದ ಮೇಲೆ ಮುಂದಿನದು ಬರಲು ಹಿಡಿಯುವ ಸೆಕೆಂಡುಗಳಿಗೆ ಅವಧಿ ಎನ್ನುತ್ತಾರೆ. ಆಳದ ಕಡಲಿನಲ್ಲಿ ಅವಧಿಯನ್ನು ಒಂದೂವರೆಯಿಂದ ಗುಣಿಸಿದರೆ ತೆರೆಗಳ ಗುಂಪು ಗಂಟೆಗೆ ಎಷ್ಟು ನಾವಿಕ ಮೈಲಿ ಸಾಗುತ್ತದೆ ಎಂಬುದು ಸಿಕ್ಕುತ್ತದೆ. ೧೪ ಸೆಕೆಂಡು ಅವಧಿಯ ತೆರೆಗಳು ೨೧ ನಾವಿಕ ಮೈಲಿ, ಅಂದರೆ ಸುಮಾರು ೩೯ ಕಿಲೋಮೀಟರು ವೇಗದಲ್ಲಿ ಬರುತ್ತವೆ. ಎರಡು ಸಾವಿರ ಕಿಲೋಮೀಟರು ಆಚೆ ಎದ್ದ ತೆರೆ ದಡ ಸೇರಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಬೇಕು. ಆದ್ದರಿಂದಲೇ ನಾಡಿದ್ದಿನ ತೆರೆಯನ್ನು ಇಂದೇ ಲೆಕ್ಕ ಹಾಕಿ ಹೇಳುವುದು ಸಾಧ್ಯವಾಗಿದೆ. ಥರ್ಸೋಗೆ ಬೇಕಾದದ್ದು ವಾಯವ್ಯದಿಂದಲೋ ಉತ್ತರದಿಂದಲೋ ಬರುವ ತೆರೆ, ಮತ್ತು ಅದಕ್ಕೆ ಎದುರಾಗಿ ನೆಲದ ಕಡೆಯಿಂದ ಮೆಲ್ಲನೆ ಬೀಸುವ ದಕ್ಷಿಣದ ಗಾಳಿ. ಆ ಗಾಳಿ ತೆರೆಯ ಮುಖವನ್ನು ನಯವಾಗಿ ನಿಲ್ಲಿಸುತ್ತದೆ. ಕಡಲಿನಿಂದ ಬೀಸುವ ಗಾಳಿ ಅದನ್ನು ಕೆಡಿಸುತ್ತದೆ.

ರೇಡಿಯೋ ಇಟ್ಟುಕೊಂಡ ಮನೆಯವರಾದ ನಿಮಗೆ ಇಲ್ಲಿ ಇನ್ನೊಂದು ಮಾತು ಹೇಳಬೇಕು. ಬ್ರಿಟನ್ನಿನ ಸುತ್ತಲಿನ ಕಡಲನ್ನು ಹೋಳು ಹೋಳಾಗಿ ಹಂಚಿ, ಒಂದೊಂದಕ್ಕೂ ಹೆಸರಿಟ್ಟು, ಗಾಳಿಯ ದಿಕ್ಕು, ಬಲ, ಮಳೆ, ನೋಟದ ದೂರ ಇಷ್ಟನ್ನೇ ಚುಟುಕಾಗಿ ಓದುವ ಹಡಗು ಹವಾಮಾನ ವರದಿ ೧೯೨೦ರ ದಶಕದಿಂದ ಬಿ.ಬಿ.ಸಿ.ಯಲ್ಲಿ ಬರುತ್ತಿದೆ. ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ೧೮೫೯ರಲ್ಲಿ ‘ರಾಯಲ್ ಚಾರ್ಟರ್’ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದು ನಾನೂರಕ್ಕೂ ಮಿಕ್ಕಿ ಜನ ಸತ್ತರು. ಡಾರ್ವಿನ್ನನನ್ನು ‘ಬೀಗಲ್’ ಹಡಗಿನಲ್ಲಿ ಕರೆದೊಯ್ದ ಕಪ್ತಾನ ರಾಬರ್ಟ್ ಫಿಟ್ಸ್‌ರಾಯ್ ಅದನ್ನು ಕಂಡು, ಬಿರುಗಾಳಿಯ ಮುನ್ಸೂಚನೆಯನ್ನು ಬಂದರುಗಳಿಗೆ ತಂತಿಯ ಮೂಲಕ ಕಳುಹಿಸುವ ಏರ್ಪಾಡನ್ನು ೧೮೬೧ರಲ್ಲಿ ಆರಂಭಿಸಿದ. ೨೦೦೨ರಲ್ಲಿ ಒಂದು ಕಡಲ ಹೋಳಿಗೆ ಅವನ ಹೆಸರನ್ನೇ ಇಟ್ಟರು. ಥರ್ಸೋದಲ್ಲಿ ಉಳಿದವರು ಆ ವರದಿಯಲ್ಲಿ ‘ಫೇರ್ ಐಲ್’, ‘ಹೆಬ್ರಿಡೀಸ್’ ಎಂಬ ಹೆಸರು ಬಂದಾಗ ಕಿವಿಗೊಡಬೇಕು. ಗಾಳಿಯ ಬಲ ೮ ಎಂದು ಓದಿದರೆ ಅದು ಬಿರುಗಾಳಿ, ಗಂಟೆಗೆ ೬೦ ಕಿಲೋಮೀಟರು ಮೀರಿದ್ದು. ಅಂದು ಕಡಲನ್ನು ಕಿಟಕಿಯಿಂದ ನೋಡಬೇಕು.

ಈಗ ಮುಖ್ಯ ವಿಷಯಕ್ಕೆ ಬರೋಣ. ತಣ್ಣೀರು ಮನುಷ್ಯನಿಗೆ ಏನು ಮಾಡುತ್ತದೆ? ಚಳಿಯಿಂದ ಮೈ ಮರಗಟ್ಟಿ ಮೆಲ್ಲನೆ ಸಾವು ಬರುತ್ತದೆ ಎಂದು ಬಹುಮಂದಿಯ ತಿಳಿವಳಿಕೆ. ನಿಜವಾಗಿ ಅಪಾಯ ಅದಕ್ಕಿಂತ ಬಹಳ ಮೊದಲೇ ಬರುತ್ತದೆ. ೧೫ ಡಿಗ್ರಿಗಿಂತ ತಣ್ಣಗಿರುವ ನೀರು ಇದ್ದಕ್ಕಿದ್ದಂತೆ ಮೈಗೆ ಸೋಕಿದಾಗ ನಮ್ಮ ಅನುಮತಿ ಕೇಳದೆ ಉಸಿರು ಹಾ ಎಂದು ಒಳಕ್ಕೆ ಎಳೆದುಕೊಳ್ಳುತ್ತದೆ. ಎದೆ ಬಡಿತ, ರಕ್ತದ ಒತ್ತಡ ಏರುತ್ತವೆ. ಆ ಕ್ಷಣದಲ್ಲಿ ತಲೆ ನೀರಿನೊಳಗಿದ್ದರೆ ಒಳಗೆ ಹೋಗುವುದು ಗಾಳಿಯಲ್ಲ. ಈಜು ಬಲ್ಲವರೂ ಮೊದಲ ಎರಡು ಮೂರು ನಿಮಿಷಗಳಲ್ಲಿ ಮುಳುಗುವುದು ಹೀಗೆಯೇ. ಅಕ್ಟೋಬರಿನ ೧೨ ಡಿಗ್ರಿಯೂ ಈ ಗೆರೆಯ ಕೆಳಗೇ ಇದೆ ಎಂಬುದನ್ನು ಗಮನಿಸಿ.

ಕೆನಡಾ ದೇಶದ ಮ್ಯಾನಿಟೋಬಾ ವಿಶ್ವವಿದ್ಯಾನಿಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಎಂಬ ವಿಜ್ಞಾನಿ ಇದನ್ನು ನೆನಪಿಡಲು ಒಂದು ಸೂತ್ರವನ್ನು ಪ್ರಚಾರಕ್ಕೆ ತಂದರು: ಒಂದು, ಹತ್ತು, ಒಂದು. ಬರಿಮೈಯಲ್ಲೋ ಸಾಧಾರಣ ಬಟ್ಟೆಯಲ್ಲೋ ತೀರ ತಣ್ಣನೆಯ ನೀರಿಗೆ ಬಿದ್ದವನಿಗೆ ಉಸಿರನ್ನು ಹತೋಟಿಗೆ ತರಲು ಒಂದು ನಿಮಿಷ. ಕೈಕಾಲು ಹೇಳಿದಂತೆ ಕೇಳುವುದು ಹತ್ತು ನಿಮಿಷ. ಪ್ರಜ್ಞೆ ತಪ್ಪುವ ಮುನ್ನ ಸುಮಾರು ಒಂದು ಗಂಟೆ. ಆದ್ದರಿಂದ ಬಿದ್ದ ಕೂಡಲೆ ಕೈಕಾಲು ಬಡಿಯಬಾರದು. ತಲೆಯನ್ನು ಹಿಂದಕ್ಕೆ ಒರಗಿಸಿ, ಕೈಗಳನ್ನು ಅಗಲಿಸಿ, ತೇಲುತ್ತ, ಉಸಿರು ಸ್ತಿಮಿತಕ್ಕೆ ಬರುವವರೆಗೆ ತಾಳಬೇಕು. ಆಮೇಲೆ ಈಜುವುದೋ ಕೂಗುವುದೋ. ೧೮೨೪ರಲ್ಲಿ ಸ್ಥಾಪಿತವಾಗಿ ಬಹುಮಟ್ಟಿಗೆ ಸ್ವಯಂಸೇವಕರಿಂದಲೇ ನಡೆಯುತ್ತಿರುವ ಬ್ರಿಟನ್ನಿನ ಲೈಫ್‌ಬೋಟ್ ಸಂಸ್ಥೆ ಎಲ್ಲರಿಗೂ ಕೊಡುವ ಬುದ್ಧಿಮಾತು ಇದೇ. ಹೃದಯದ ತೊಂದರೆಯೋ ರಕ್ತದೊತ್ತಡವೋ ಇದ್ದವರು ವೈದ್ಯರನ್ನು ಕೇಳದೆ ಇಂಥ ನೀರಿಗೆ ಇಳಿಯಲೇಬಾರದು.

ಈ ಆಘಾತಕ್ಕೆ ದೇಹವನ್ನು ಒಗ್ಗಿಸುವುದು ಸಾಧ್ಯ. ಜೊತೆಗೊಬ್ಬರನ್ನು ಇಟ್ಟುಕೊಂಡು, ಬೇರೆ ಬೇರೆ ದಿನ ಐದಾರು ಸಲ ಎರಡು ಮೂರು ನಿಮಿಷ ತಣ್ಣೀರಿನಲ್ಲಿದ್ದರೆ ಉಸಿರುಗಟ್ಟುವ ಆ ಮೊದಲ ಏಟು ಗಣನೀಯವಾಗಿ ತಗ್ಗುತ್ತದೆ ಎಂದು ಪ್ರಯೋಗಗಳಿಂದ ತಿಳಿದಿದೆ. ಮೂಲ್ಕಿಯಲ್ಲಿ ತೋಳಿನ ಬಲ ಬೆಳೆಸಿಕೊಳ್ಳಬಹುದು, ಹಲಗೆಯ ಮೇಲೆ ನಿಲ್ಲುವುದನ್ನು ಕಲಿಯಬಹುದು. ಚಳಿಯನ್ನು ಮಾತ್ರ ಅಲ್ಲಿ ಕಲಿಯಲಾಗದು.

ಇನ್ನು ಉಡುಪು. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ಬೇಗ ಶಾಖವನ್ನು ಎಳೆದುಕೊಳ್ಳುತ್ತದೆ. ಇದನ್ನು ತಡೆಯುವ ರಬ್ಬರಿನ ಉಡುಪಿನ ಕಲ್ಪನೆ ಹುಟ್ಟಿದ್ದು ಒಬ್ಬ ಭೌತವಿಜ್ಞಾನಿಯ ತಲೆಯಲ್ಲಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಹ್ಯೂ ಬ್ರಾಡ್ನರ್ ೧೯೫೨ರ ಸುಮಾರಿಗೆ ಯೋಚಿಸಿದ್ದು ಇಷ್ಟು: ಮೈ ಒದ್ದೆಯಾಗಬಾರದು ಎಂಬ ಹಟ ಏಕೆ? ಬಟ್ಟೆಯಲ್ಲಿಯೇ ಗಾಳಿಯ ಗುಳ್ಳೆಗಳಿದ್ದರೆ ಒದ್ದೆಯಾದರೂ ಬೆಚ್ಚಗಿರಬಹುದಲ್ಲ? ನಿಯೋಪ್ರೀನ್ ಎಂಬ ಕೃತಕ ರಬ್ಬರಿನ ನೊರೆಹಾಳೆ ಅದಕ್ಕೆ ಒದಗಿತು. ಥರ್ಸೋದ ಚಳಿಗಾಲಕ್ಕೆ ಎದೆಯ ಭಾಗದಲ್ಲಿ ೫ ಅಥವಾ ೬ ಮಿಲಿಮೀಟರು ದಪ್ಪದ ಉಡುಪು, ತಲೆಗೆ ಕುಲಾವಿ, ಕೈಗವಸು, ಕಾಲಿಗೆ ಅದೇ ರಬ್ಬರಿನ ಬೂಟು ಬೇಕು. ದಪ್ಪಕ್ಕಿಂತ ಅಳತೆ ಮುಖ್ಯ. ದರ್ಜಿ ಅಳತೆ ತೆಗೆದು ಹೊಲಿದಂತೆ ಮೈಗೆ ಅಂಟಿಕೊಂಡಿರಬೇಕು. ಸಡಿಲವಾದರೆ ಪ್ರತಿ ತೆರೆಗೂ ಹೊಸ ತಣ್ಣೀರು ಒಳಗೆ ನುಗ್ಗಿ, ಕಾದ ನೀರನ್ನು ತೊಳೆದುಕೊಂಡು ಹೋಗುತ್ತದೆ. ಈ ಉಡುಪಿನ ಭಾರಕ್ಕೂ ಬಿಗಿತಕ್ಕೂ ತೋಳು ಬೇಗ ಸೋಲುವುದರಿಂದ ಊರಿನಲ್ಲಿ ಬಳಸುವುದಕ್ಕಿಂತ ಕೊಂಚ ದೊಡ್ಡ ಹಲಗೆಯನ್ನು ಆರಿಸಬೇಕು. ಹಲಗೆಯನ್ನು ಇಲ್ಲಿಂದ ಹೊತ್ತೊಯ್ಯುವ ತೊಂದರೆ ಬೇಡ. ಅಲ್ಲಿಯೇ ಬಾಡಿಗೆಗೆ ದೊರೆಯುತ್ತದೆ, ಕಲಿಸಿಕೊಡುವವರೂ ಇದ್ದಾರೆ. ತಣ್ಣೀರು, ತಣ್ಣನೆಯ ಗಾಳಿ ವರ್ಷಗಟ್ಟಲೆ ಕಿವಿಗೆ ಹೊಕ್ಕರೆ ಕಿವಿಯ ಕೊಳವೆಯಲ್ಲಿ ಮೂಳೆ ಬೆಳೆದು ಕಿವುಡು ಬರುವುದುಂಟು. ಆದ್ದರಿಂದ ಕಿವಿಗೆ ಬೆಣೆಯನ್ನೂ ಮರೆಯಬಾರದು.

ನೀರಿನಲ್ಲಿ ಇರುವಾಗ ಹೊತ್ತು ಹೋದದ್ದು ತಿಳಿಯುವುದಿಲ್ಲ. ಚಳಿ ಬುದ್ಧಿಯನ್ನೂ ಮಂಕು ಮಾಡುತ್ತದೆ. ಅದಕ್ಕೊಂದು ಸುಲಭ ಪರೀಕ್ಷೆಯುಂಟು. ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ ನೋಡಿ. ಮುಟ್ಟದಿದ್ದರೆ ಅದೇ ಕೊನೆ. ಇನ್ನೊಂದು ತೆರೆ ಎನ್ನದೆ ಹೊರಗೆ ಬರಬೇಕು. ಹೊರಗೆ ಬಂದ ಮೇಲೂ ಗಂಡಾಂತರ ತೀರಿತೆಂದಲ್ಲ. ಕೈಕಾಲಿನ ತಣ್ಣನೆಯ ರಕ್ತ ಒಡಲಿಗೆ ಮರಳುವುದರಿಂದಲೂ, ಹೊರಮೈಯ ತಂಪು ಒಳಕ್ಕೆ ಇಳಿಯುತ್ತಲೇ ಇರುವುದರಿಂದಲೂ ಹತ್ತಾರು ನಿಮಿಷ ಮೈ ಇನ್ನಷ್ಟು ತಣ್ಣಗಾಗುತ್ತಲೇ ಹೋಗುತ್ತದೆ. ಕೂಡಲೆ ಬಿಸಿನೀರು ಸುರಿದುಕೊಳ್ಳಬಾರದು, ತಲೆಸುತ್ತಿ ಬೀಳುವುದುಂಟು. ಒಂದು ಹಳೆಯ ಚಾಪೆಯ ಮೇಲೆ ನಿಂತು, ಮೇಲಿನಿಂದ ಕೆಳಕ್ಕೆ ಒದ್ದೆ ಬಟ್ಟೆ ಕಳಚುತ್ತ ಒಣಬಟ್ಟೆ ತೊಟ್ಟು, ಉಣ್ಣೆ ಟೋಪಿ ಹಾಕಿ, ಫ್ಲಾಸ್ಕಿನಲ್ಲಿ ತಂದ ಸಿಹಿಯಾದ ಬಿಸಿ ಚಹಾ ಕುಡಿಯಬೇಕು. ನಡುಕ ನಿಲ್ಲುವವರೆಗೆ ಕಾರು ನಡೆಸಬಾರದು.

ಉಬ್ಬರ ಇಳಿತದ ಪಟ್ಟಿಯೂ ಜೇಬಿನಲ್ಲಿರಲಿ. ದೊಡ್ಡ ಉಬ್ಬರದ ದಿನಗಳಲ್ಲಿ ಅಲ್ಲಿ ನೀರು ಸುಮಾರು ನಾಲ್ಕು ಮೀಟರು ಏರಿಳಿಯುತ್ತದೆ, ನಮ್ಮ ಮಂಗಳೂರಿನ ಎರಡು ಪಟ್ಟಿಗೂ ಮಿಕ್ಕಿ. ನೀರು ಇಳಿದಾಗ ಹಾಸುಗಲ್ಲು ಕಾಲಡಿಗೇ ಬರುತ್ತದೆ. ಪೂರ್ವಕ್ಕೆ ಆರ್ಕ್ನಿ ದ್ವೀಪಗಳಿಗೂ ನೆಲಕ್ಕೂ ನಡುವೆ ಇರುವ ಪೆಂಟ್ಲೆಂಡ್ ಜಲಸಂಧಿಯಲ್ಲಿ ಉಬ್ಬರದ ಸೆಳೆತ ಕೆಲವೆಡೆ ಗಂಟೆಗೆ ೨೦ ಕಿಲೋಮೀಟರು ಮೀರುತ್ತದೆ. ಅದಕ್ಕೆ ಎದುರಾಗಿ ಈಜಬಲ್ಲ ಮನುಷ್ಯನಿಲ್ಲ. ಆದ್ದರಿಂದ ಒಬ್ಬರೇ ಇಳಿಯಬಾರದು. ಊರಿನವರನ್ನು ಕೇಳದೆ ಹೊಸ ಜಾಗದಲ್ಲಿ ಇಳಿಯಬಾರದು. ಎಷ್ಟು ಗಂಟೆಗೆ ಹಿಂದಿರುಗುತ್ತೇವೆಂದು ತಂಗಿರುವ ಮನೆಯಲ್ಲಿ ಹೇಳಿಯೇ ಹೊರಡಬೇಕು. ಯಾರಾದರೂ ಅಪಾಯದಲ್ಲಿರುವುದು ಕಂಡರೆ ೯೯೯ಕ್ಕೆ ಫೋನು ಮಾಡಿ ‘ಕೋಸ್ಟ್‌ಗಾರ್ಡ್’ ಎಂದು ಕೇಳಬೇಕು. ಊರಿನ ಮಗ್ಗುಲಲ್ಲೇ ಸ್ಕ್ರಾಬ್‌ಸ್ಟರ್ ಬಂದರಿನಲ್ಲಿ ಲೈಫ್‌ಬೋಟ್ ಇದೆ. ಪ್ರಯಾಣದ ವಿಮೆ ಮಾಡಿಸುವಾಗ ಸರ್ಫಿಂಗ್ ಅದರಲ್ಲಿ ಸೇರಿದೆಯೇ ಎಂದು ಓದಿ ನೋಡುವುದೂ ಅಗತ್ಯ. ನೀರಿನಲ್ಲಿ ಒಂದು ಮರ್ಯಾದೆಯ ನಿಯಮವೂ ಉಂಟು: ತೆರೆ ಮಗುಚಲು ಆರಂಭವಾಗುವ ಜಾಗಕ್ಕೆ ಯಾರು ಹತ್ತಿರವಿದ್ದಾರೋ ಆ ತೆರೆ ಅವರದು. ನೆಂಟರಾಗಿ ಹೋದವರು ಸರದಿ ಕಾಯುವುದು ಎಲ್ಲ ಊರಿನಲ್ಲಿಯೂ ಒಪ್ಪುವ ನಡತೆ.

ಕಟ್ಟಕಡೆಯದಾಗಿ, ಎಲ್ಲ ಸಿದ್ಧತೆಗಿಂತ ದೊಡ್ಡದೊಂದಿದೆ. ವೀಸಾ ಪಡೆದು, ಹಣ ಸುರಿದು, ಸಾವಿರಾರು ಮೈಲಿ ಹಾರಿ, ಐದು ದಿನ ಉಳಿಯಲು ಹೋದವನಿಗೆ ಐದೂ ದಿನ ಕಡಲು ಒಲಿಯದೆ ಹೋಗಬಹುದು. ಐದನೆಯ ದಿನ, ನಾಳೆ ಗಾಡಿ ಹಿಡಿಯಬೇಕು ಎಂಬ ಹೊತ್ತಿನಲ್ಲಿ, ‘ಇಷ್ಟು ದೂರ ಬಂದು ಇಳಿಯದೆ ಹೋಗುವುದೇ?’ ಎಂಬ ಮಾತು ಮನಸ್ಸಿನಲ್ಲಿ ಏಳುತ್ತದೆ. ಮೇಲೆ ಹೇಳಿದ ಅಪಾಯಗಳೆಲ್ಲವೂ ಕಾದಿರುವುದು ಈ ಒಂದು ಮಾತಿಗೇ. ಆದಕಾರಣ ಯೋಜನೆ ಮಾಡುವಾಗಲೇ ಎರಡು ಮೂರು ದಿನ ಹೆಚ್ಚಿಗೆ ಇಟ್ಟುಕೊಳ್ಳಿ. ಇಳಿಯಲಾಗದ ದಿನಕ್ಕೆ ಆರ್ಕ್ನಿಗೆ ಹೋಗುವ ಹಡಗನ್ನೋ ಹಳೆಯ ಕೋಟೆಗಳನ್ನೋ ಗುರುತು ಹಾಕಿಟ್ಟುಕೊಳ್ಳಿ. ಬರಿಗೈಯಲ್ಲಿ ಹಿಂದಿರುಗಿದೆ ಎಂದು ಆಗ ಅನ್ನಿಸುವುದಿಲ್ಲ.

ನಮ್ಮ ಕರಾವಳಿಯ ಮೀನುಗಾರರು ತಲೆತಲಾಂತರದಿಂದ ಇದನ್ನು ಬಲ್ಲರು. ಮಳೆಗಾಲದ ಅಬ್ಬರದಲ್ಲಿ ದೋಣಿಯನ್ನು ದಡಕ್ಕೆಳೆದು, ಮಡಲಿನ ಚಪ್ಪರದ ಕೆಳಗೆ ಕುಳಿತು ಬಲೆ ಹೆಣೆಯುತ್ತಾರೆ. ಅವರನ್ನು ಯಾರೂ ಹೇಡಿಗಳೆನ್ನುವುದಿಲ್ಲ. ಕಡಲಿಗೆ ಇಳಿಯದಿರುವುದೂ ಕಡಲ ವಿದ್ಯೆಯ ಒಂದು ಅಂಗವೇ. ನಿಮ್ಮ ಮಗನೋ ಮಗಳೋ ಥರ್ಸೋದಿಂದ ಫೋನು ಮಾಡಿ, “ಇವತ್ತು ಗಾಳಿ ಸರಿಯಿರಲಿಲ್ಲ, ದಡದಲ್ಲೇ ಕುಳಿತು ನೋಡಿ ಬಂದೆ” ಎಂದರೆ, ಅಯ್ಯೋ ದಂಡವಾಯಿತಲ್ಲ ಎನ್ನಬೇಡಿ. ಒಳ್ಳೆಯದು ಮಾಡಿದೆ ಎನ್ನಿ. ಮುಂದಿನ ಸಲ ಅವರು ಧೈರ್ಯವಾಗಿ ಇಳಿಯುವುದಕ್ಕೂ, ಅಷ್ಟೇ ಧೈರ್ಯವಾಗಿ ಹಿಂದೆ ಸರಿಯುವುದಕ್ಕೂ ಆ ಒಂದು ಮಾತು ಸಾಕು.